ಹಾಕಿ ಪೆನಾಲ್ಟಿ ಕಾರ್ನರ್‌ನಲ್ಲಿ ಒಬ್ಬ ಡಿಫೆಂಡರ್ ಚೆಂಡಿಗೆ ಎದುರಾಗಿ ಓಡುವುದು ಯಾಕೆ?

ಪೆನಾಲ್ಟಿ ಕಾರ್ನರ್ ಅಂದರೆ ರಕ್ಷಿಸುವ ತಂಡದ ತಪ್ಪಿಗೆ ಎದುರಾಳಿಗೆ ಸಿಗುವ, ಗೋಲು ಹೊಡೆಯುವ ಅವಕಾಶ. ಡಿಫೆಂಡರ್ ಓಡುವುದು ಹೊಡೆಯುವವನಿಗೆ ಗೋಲಿನ ದಾರಿ ಕಿರಿದಾಗಲಿ ಅಂತ. ದೂರ ನಿಂತರೆ ಇಡೀ ಗೋಲು ತೆರೆದೇ ಇರುತ್ತದೆ. ಹತ್ತಿರ ನುಗ್ಗಿದಷ್ಟೂ ಡಿಫೆಂಡರ್‌ನ ಮೈ, ಸ್ಟಿಕ್ ಎರಡೂ ಸೇರಿ ಒಂದು ಬದಿಯನ್ನು ಮುಚ್ಚುತ್ತವೆ, ಇನ್ನೊಂದು ಬದಿ ಗೋಲ್‌ಕೀಪರ್‌ಗೆ. ಇವನೇ ಫಸ್ಟ್ ರಶರ್. ಮುಖಕ್ಕೆ ಮಾಸ್ಕ್, ಮಂಡಿಗೆ ಪ್ಯಾಡ್ ಕಟ್ಟಿಕೊಂಡು ಓಡುತ್ತಾನೆ. ಎದುರಿನ ಗಟ್ಟಿ ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲೂ ಬರಬಹುದು. ಇದಕ್ಕೆ ಸಣ್ಣ ಧೈರ್ಯ ಸಾಲದು ಅಲ್ವಾ!

ನಮ್ಮ ತಂಡದಲ್ಲಿ ಒಡಿಶಾದ ಅಮಿತ್ ರೋಹಿದಾಸ್ ಈ ಕೆಲಸಕ್ಕೆ ಹೆಸರಾದವರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ರೆಡ್ ಕಾರ್ಡ್ ಸಿಕ್ಕಿ, ಸೆಮಿಫೈನಲ್ ಆಡಲಾಗಲಿಲ್ಲ. ಅಲ್ಲಿ ಜರ್ಮನಿ 3-2ರಿಂದ ಗೆದ್ದಿತು. ಜರ್ಮನಿಯ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದಲೇ.