ಕಾಫಿ ತೋಟದ ನೀಲಿ ಹಕ್ಕಿ

ಪ್ರಶ್ನೆ: ನಮ್ಮ ಕಾಫಿ ತೋಟದ ತೋಡಿನ ಬಳಿ ಗುಬ್ಬಿಗಿಂತ ಚಿಕ್ಕದಾದ, ನೀಲಿ ಬೆನ್ನಿನ, ಕಿತ್ತಳೆ ಎದೆಯ ಹಕ್ಕಿಯೊಂದು ಮುಸ್ಸಂಜೆಯಲ್ಲಿ ಕಾಣಿಸುತ್ತದೆ. ಇದು ಯಾವುದು? ಕಾಫಿ ಹಣ್ಣು ತಿನ್ನುತ್ತದೆಯೇ?
– ಓದುಗರು, ವಿರಾಜಪೇಟೆ

ಉತ್ತರ: ನೀವು ಕಂಡಿರುವುದು ಬಹುಮಟ್ಟಿಗೆ ಟಿಕೆಲ್ಲನ ನೀಲಿ ನೊಣಹಿಡುಕದ ಗಂಡು. ಕಾಫಿ ಹಣ್ಣಿನ ಚಿಂತೆ ಬೇಡ, ಇದರ ಮುಖ್ಯ ಆಹಾರ ಹುಳುಹುಪ್ಪಟೆ. ನೆರಳಿನ ತಗ್ಗು ಕೊಂಬೆಯ ಮೇಲೆ ಮೈ ನೆಟ್ಟಗೆ ಮಾಡಿ ಕುಳಿತು, ಹಾರುವ ಕೀಟ ಕಂಡೊಡನೆ ಚಿಮ್ಮಿ ಗಾಳಿಯಲ್ಲೇ ಹಿಡಿಯುವ ಈ ಹಕ್ಕಿ, ಉಳಿದ ಹಕ್ಕಿಗಳು ಗೂಡು ಸೇರುವ ಮಬ್ಬುಗತ್ತಲಲ್ಲೂ ಬೇಟೆ ಮುಂದುವರಿಸುತ್ತದೆ. ಉದ್ದ ಸುಮಾರು 11ರಿಂದ 12 ಸೆಂಟಿಮೀಟರ್, ಹೊಟ್ಟೆ ಬಿಳಿ, ಹೆಣ್ಣಿನ ಬಣ್ಣ ಮಾಸಲು. ಮರದ ಪೊಟರೆಯಲ್ಲೋ ಬಂಡೆಗಳ ಸಂದಿಯಲ್ಲೋ ನಯವಾದ ಹುಲ್ಲು, ನಾರು ಹಾಸಿ 3ರಿಂದ 5 ಮೊಟ್ಟೆ ಇಡುತ್ತದೆ.

ಪಶ್ಚಿಮ ಘಟ್ಟಕ್ಕೆ ಸೀಮಿತವಾದ ಬಿಳಿಹೊಟ್ಟೆಯ ನೀಲಿ ನೊಣಹಿಡುಕವೂ ಕೊಡಗಿನ ದಟ್ಟ ಕಾಡುಗಳಲ್ಲಿದ್ದು, ಅನುಭವಿಗಳೂ ಒಮ್ಮೊಮ್ಮೆ ಮೋಸಹೋಗುತ್ತಾರೆ. ಅದರ ಗಂಡಿಗೆ ಗಂಟಲಿನಿಂದ ಎದೆಯವರೆಗೆ ಕಡುನೀಲಿಯೇ. ಕಿತ್ತಳೆ ಎದೆ ಇರುವುದು ಹೆಣ್ಣಿಗೆ, ಆದರೆ ಅದರ ಬೆನ್ನು ಕಂದು. ಮುಂದಿನ ಸಲ ಎದೆಯೊಂದನ್ನೇ ನೋಡದೆ ಬೆನ್ನನ್ನೂ ಗಮನಿಸಿರಿ.