ಹುಟ್ಟಿದ್ದು ಇಟಲಿಯಲ್ಲೇ, ಆದರೂ ಪರದೇಶಿ

ಪ್ರಶ್ನೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಇಟಲಿಯ ಮಹಿಳಾ ವಾಲಿಬಾಲ್ ತಂಡದಲ್ಲಿ ಆಫ್ರಿಕನ್ ಮೂಲದ ಆಟಗಾರ್ತಿಯರಿದ್ದರು. ಅವರನ್ನು ಆಟಕ್ಕೆಂದೇ ಹೊರಗಿನಿಂದ ಕರೆಸಿಕೊಂಡದ್ದೇ? ಅಥವಾ ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಾಗೆ ಹಳೇ ಕಾಲದಲ್ಲೇ ಹೋಗಿ ನೆಲೆಸಿದವರೇ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಅಲ್ಲ. ಪಾವೊಲಾ ಎಗೊನು ಹುಟ್ಟಿದ್ದು ವೆನೆಟೊ ಪ್ರಾಂತ್ಯದ ಚಿತ್ತದೆಲ್ಲಾ ಎಂಬ ಊರಲ್ಲಿ, ಅಪ್ಪ ಅಮ್ಮ ನೈಜೀರಿಯಾದವರು. ಮಿರಿಯಮ್ ಸಿಲ್ಲಾ ಸಿಸಿಲಿಯ ಪಲೆರ್ಮೊದವಳು, ಹೆತ್ತವರು ಐವರಿ ಕೋಸ್ಟ್‌ನವರು. ಇವರ ಹಾಗೆ ಬಹುಪಾಲು ಜನರ ತಂದೆ ತಾಯಿ ಇಟಲಿಗೆ ಬಂದಿದ್ದು ಕಳೆದ ನಾಲ್ಕೈದು ದಶಕಗಳಲ್ಲಿ. ಮಜಾರಾ ದೆಲ್ ವಾಲ್ಲೊ ಬಂದರಿಗೆ ಮೀನುಗಾರಿಕೆಗಾಗಿ ಟುನೀಶಿಯಾದವರು ಬಂದರು. ಬ್ರೆಶಾ, ವಿಚೆಂಜಾ ಕಡೆಯ ಕಾರ್ಖಾನೆಗಳಿಗೆ ಘಾನಾದವರು ಬಂದರು. ನೇಪಲ್ಸ್ ಸುತ್ತಲಿನ ಟೊಮೆಟೊ ಹೊಲಗಳಿಗೆ ಯಾರ್ಯಾರೋ. 1989ರಲ್ಲಿ ಅಂಥದೇ ಹೊಲದಲ್ಲಿ ದುಡಿಯುತ್ತಿದ್ದ ದಕ್ಷಿಣ ಆಫ್ರಿಕಾದ ನಿರಾಶ್ರಿತ ಜೆರ್ರಿ ಮಾಸ್ಲೊನನ್ನು ದರೋಡೆಕೋರರು ಕೊಂದರು. ಅಲ್ಲಿಯವರೆಗೆ ಯುರೋಪಿನಿಂದ ಓಡಿ ಬಂದವರಿಗಷ್ಟೇ ಆಶ್ರಯ ಎಂಬ ನಿಯಮವಿತ್ತು. ಆ ಸಾವಿನ ಗದ್ದಲದ ಬೆನ್ನಿಗೇ, 1990ರಲ್ಲಿ, ಅದನ್ನು ತೆಗೆದರು.

ನಿಮ್ಮ 'ಹೊರಗಿನಿಂದ' ಎಂಬ ಮಾತಿಗೆ ಬರೋಣ. ಇಟಲಿಯ ಕಾನೂನೂ ಹೆಚ್ಚುಕಡಿಮೆ ಹಾಗೇ ಹೇಳುತ್ತದೆ! 1992ರ ಪೌರತ್ವ ಕಾಯ್ದೆಗೆ ನೆಲ ಮುಖ್ಯವಲ್ಲ, ರಕ್ತ ಮುಖ್ಯ. ವಿದೇಶಿ ದಂಪತಿಯ ಮಗು ಅಲ್ಲೇ ಹುಟ್ಟಿ, ಒಂದು ದಿನವೂ ತಪ್ಪದಂತೆ ಕಾನೂನುಬದ್ಧವಾಗಿ ಅಲ್ಲೇ ಬೆಳೆದರೂ 18 ತುಂಬುವವರೆಗೆ ಕಾಯಬೇಕು. 19 ಆಗುವುದರೊಳಗೆ ಅರ್ಜಿ ಹಾಕಬೇಕು. ಫುಟ್‌ಬಾಲಿಗ ಮಾರಿಯೊ ಬಾಲೊಟೆಲ್ಲಿ ಹುಟ್ಟಿದ್ದು ಪಲೆರ್ಮೊದಲ್ಲಿ, ಬೆಳೆದದ್ದು ಬ್ರೆಶಾ ಬಳಿಯ ಸಾಕು ಮನೆಯಲ್ಲಿ. 2007ರಲ್ಲೇ ಇಂಟರ್ ಮಿಲಾನ್ ಪರ ಲೀಗ್ ಆಡಿದ. ಪೌರತ್ವ ಸಿಕ್ಕಿದ್ದು ಮಾತ್ರ 2008ರ ಆಗಸ್ಟ್‌ನಲ್ಲಿ, 18 ತುಂಬಿದ ಮೇಲೆ. ಎಗೊನುಗೆ ಸ್ವಲ್ಪ ಬೇಗ, 14ಕ್ಕೇ ಸಿಕ್ಕಿತು. ಅವಳ ಅಪ್ಪ ಆಗ ಪೌರರಾದರು, ಜೊತೆಗೆ ಮಗಳೂ ಆದಳು.

(ನಗುವ ಮುನ್ನ ನಮ್ಮದನ್ನೂ ನೋಡಿಕೊಳ್ಳಬೇಕು: 1987ರ ಜುಲೈ 1ರಿಂದ ಈಚೆಗೆ ಭಾರತದಲ್ಲೂ ಬರೀ ಇಲ್ಲಿ ಹುಟ್ಟಿದರೆ ಸಾಲದು.)

ಆ ರಕ್ತದ ಲೆಕ್ಕವೂ ನೇರವಾಗಿರಲಿಲ್ಲ ಅನ್ನುವುದೇ ನನಗೆ ಕಾಡುವ ವಿಷಯ. ಎರಿಟ್ರಿಯಾ, ಸೊಮಾಲಿಯಾ ಇಟಲಿಯ ವಸಾಹತುಗಳಾಗಿದ್ದವು. ಅಲ್ಲಿನ ಹೆಂಗಸರಲ್ಲಿ ಇಟಾಲಿಯನ್ ಗಂಡಸರಿಗೆ ಹುಟ್ಟಿದ ಮಕ್ಕಳನ್ನು ತಂದೆ ತನ್ನದೆಂದು ಒಪ್ಪಿಕೊಳ್ಳುವುದನ್ನೇ ಮುಸೊಲಿನಿ ಸರ್ಕಾರದ 1940ರ ಕಾನೂನು ನಿಷೇಧಿಸಿತು. ಅಪ್ಪನ ರಕ್ತವಿದ್ದರೂ ಲೆಕ್ಕಕ್ಕಿಲ್ಲ. ಅದೇ, ಮುತ್ತಜ್ಜ ಹಡಗು ಹತ್ತಿ ಅರ್ಜೆಂಟೀನಾಕ್ಕೆ ಹೋಗಿದ್ದ ಎಂದು ಕಾಗದ ತೋರಿಸಿದವನಿಗೆ, ಇಟಾಲಿಯನ್ ಒಂದಕ್ಷರ ಬರದಿದ್ದರೂ, 2025ರವರೆಗೆ ಪೌರತ್ವದ ಹಕ್ಕಿತ್ತು. ಈಗ ಅದು ಅಜ್ಜ ಅಜ್ಜಿಯ ತಲೆಮಾರಿಗೆ ನಿಂತಿದೆ.

ಪಾಸ್‌ಪೋರ್ಟ್ ಸಿಕ್ಕರೂ ರಗಳೆ ಮುಗಿಯುವುದಿಲ್ಲ. ಚಿನ್ನ ಗೆದ್ದ ಬೆನ್ನಲ್ಲೇ ರೋಮ್‌ನ ಗೋಡೆಯೊಂದರಲ್ಲಿ ಎಗೊನು ಚಿತ್ರ ಮೂಡಿತು. ಮರುದಿನಗಳಲ್ಲೇ ಯಾರೋ ಅವಳ ಮೈಗೆ ಗುಲಾಬಿ ಬಣ್ಣ ಬಳಿದು ಹೋಗಿದ್ದರು.

ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದ ದೊಡ್ಡವರು ಪೌರತ್ವಕ್ಕೆ ಅರ್ಜಿ ಹಾಕಲು 10 ವರ್ಷ ಅಲ್ಲಿ ವಾಸವಿರಬೇಕು. ಅದನ್ನು 5ಕ್ಕೆ ಇಳಿಸಲು 2025ರ ಜೂನ್‌ನಲ್ಲಿ ಜನಮತಗಣನೆ ನಡೆಯಿತು. ಅರ್ಧಕ್ಕಿಂತ ಹೆಚ್ಚು ಮತದಾರರು ಬಂದರೆ ಮಾತ್ರ ಫಲಿತಾಂಶ ಊರ್ಜಿತ, ಬಂದವರು ಶೇ 30ರ ಆಸುಪಾಸು. 10 ವರ್ಷ ಹಾಗೇ ಉಳಿದಿದೆ.