ಸಿಂಗಾಪುರದಂಥ ಪುಟ್ಟ ದೇಶಕ್ಕೆ ಅಷ್ಟು ದೊಡ್ಡ ಸೇನೆ ಯಾಕೆ?

ಭಯ, ಅಷ್ಟೇ. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಕಾಯ್ತಿದ್ದ ಬ್ರಿಟಿಷ್ ಜನರಲ್ ಪರ್ಸಿವಲ್ ಅಲ್ಲಿನ ಬುಕಿತ್ ತಿಮಾದ ಫೋರ್ಡ್ ಕಾರ್ ಫ್ಯಾಕ್ಟರೀಲಿ ಕೂತು ಜಪಾನಿನ ಸೇನಾಪತಿ ಯಮಾಶಿತನಿಗೆ ಶರಣಾಗಿದ್ದ, ಬೇರೆಯವರನ್ನ ನಂಬ್ಕೊಂಡು ಕೂತ್ರೆ ಏನಾಗುತ್ತೆ ಅನ್ನೋದನ್ನ ಅಲ್ಲಿನವರು ಆಮೇಲೆ ಜಪಾನೀಯರ ಕೈಕೆಳಗೆ ಮೂರೂವರೆ ವರ್ಷ ಅನುಭವಿಸಿದ್ರು.

1965ರ ಆಗಸ್ಟ್ 9ಕ್ಕೆ ಮಲೇಷ್ಯಾದಿಂದ ಬೇರೆಯಾದಾಗ ಕೈಲಿದ್ದಿದ್ದು ಬರೀ ಎರಡು ಬೆಟಾಲಿಯನ್, ಕುಡಿಯೋ ನೀರೂ ಮಲೇಷ್ಯಾದ ಜೋಹೋರಿಂದ ಬರ್ಬೇಕು. ಪ್ರಧಾನಿ ಲೀ ಕುವಾನ್ ಯೂ ಮೊದಲು ಸಹಾಯ ಕೇಳಿದ್ದು ನಮ್ಮ ಶಾಸ್ತ್ರೀಜಿನ ಮತ್ತೆ ಈಜಿಪ್ಟಿನ ನಾಸೆರ್‌ನ, ಶಾಸ್ತ್ರೀಜಿ ಶುಭಾಶಯ ಕಳಿಸಿದ್ರು, ನಾಸೆರ್ ಹೊಸ ದೇಶಕ್ಕೆ ಮಾನ್ಯತೆ ಕೊಟ್ಟ, ಸೇನೆ ಕಟ್ಟೋ ವಿಷಯದಲ್ಲಿ ಇಬ್ರಿಂದಲೂ ಸಹಾಯ ಬರ್ಲಿಲ್ಲ. ಕೊನೆಗೆ ಬಂದೋರು ಇಸ್ರೇಲಿನವರು, ಅಕ್ಕಪಕ್ಕದ ಮುಸ್ಲಿಂ ದೇಶಗಳಿಗೆ ಗೊತ್ತಾಗ್ಬಾರ್ದು ಅಂತ ಅವರನ್ನ ‘ಮೆಕ್ಸಿಕನ್ನರು’ ಅಂತ ಕರೀತಿದ್ರಂತೆ 😄

1967ರಲ್ಲಿ ನ್ಯಾಷನಲ್ ಸರ್ವೀಸ್, ಅಂದ್ರೆ ಸೇನೆಯಂಥ ಪಡೆಗಳಲ್ಲಿ ಸೇವೆ, ಕಡ್ಡಾಯ ಮಾಡಿದ್ರು. ಈಗ ಹುಡುಗರು 18 ತುಂಬಿದ್ಮೇಲೆ ಸುಮಾರು ಎರಡು ವರ್ಷ ಸೇವೆ ಮಾಡ್ಬೇಕು, ಮುಗಿದ್ಮೇಲೂ ಬಿಡಲ್ಲ, ಕೆಲಸಕ್ಕೆ ಸೇರಿದ್ರೂ ಆಗಾಗ ಟ್ರೈನಿಂಗ್‌ಗೆ ಕರೀತಾರೆ, ಪರ್ಮನೆಂಟ್ ರೆಸಿಡೆಂಟ್ ಆದ ನಮ್ಮವರ ಗಂಡುಮಕ್ಕಳಿಗೂ ಸಾಮಾನ್ಯವಾಗಿ ಇದು ತಪ್ಪಲ್ಲ.

ಇನ್ನು ಜಾಗದ್ದೇ ಕಷ್ಟ. ತರಬೇತಿಗೆ ತೈವಾನ್, ಆಸ್ಟ್ರೇಲಿಯಾಗೆ ಹೋಗ್ತಾರೆ, ಅವರ ಯುದ್ಧವಿಮಾನಗಳು ನಮ್ಮ ಬಂಗಾಳದ ಕಲೈಕುಂಡಾ ವಾಯುನೆಲೆಗೂ ಬಂದಿವೆ. ಊರಲ್ಲೇ ಲಿಮ್ ಚು ಕಾಂಗ್ ಅಂತ ಒಂದು ರಸ್ತೆ ಇತ್ತು, ಕವಾಯತು ಇದ್ದಾಗ ಬಸ್ ಸ್ಟಾಪು, ಲೈಟ್ ಕಂಬ ಎಲ್ಲಾ ಕಿತ್ತಿಟ್ಟು ಅದನ್ನೇ ರನ್‌ವೇ ಮಾಡಿ ಫೈಟರ್ ಜೆಟ್ ಇಳಿಸ್ತಿದ್ರು, ಆಮೇಲೆ ಕಂಬಗಳನ್ನ ವಾಪಸ್ ನೆಟ್ಟು ಬಸ್ ಬಿಡ್ತಿದ್ರು.